ಹಳೆಯ ಡೀಸೆಲ್ ಪಿಕಪ್ ಗಾಡಿಯು ಮಂದಗತಿಯಲ್ಲಿ ನಿಂತುಹೋಗುವುದು: ಕಾರಣಗಳೂ ಪರಿಹಾರಗಳೂ

ಗ್ರಾಮಗಳಲ್ಲಿ ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಸಾಗಣೆಯ ಕೆಲಸದಲ್ಲಿ ಬಹುಭಾಗವನ್ನು ಇಂದು ಡೀಸೆಲ್ ಪಿಕಪ್ ಗಾಡಿಯು ವಹಿಸಿಕೊಂಡಿರುವುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಮುಂಜಾನೆಯ ಹಾಲು, ಕೋಲಾರದ ಕಡೆಯ ಟೊಮೇಟೊ, ಮಲೆನಾಡಿನ ಅಡಿಕೆ, ಬಿತ್ತನೆಯ ಕಾಲದ ಬೀಜ ಗೊಬ್ಬರ ಇವೆಲ್ಲವೂ ಈ ಗಾಡಿಯ ಮೇಲೆಯೇ ಹೋಗಿ ಬರುತ್ತವೆ. ಇಂತಹ ಗಾಡಿಗಳಲ್ಲಿ ಹದಿನೈದು ಇಪ್ಪತ್ತು ವರ್ಷಗಳಷ್ಟು ಹಳೆಯವೂ ಅನೇಕವಿದ್ದು, ಸರಿಯಾದ ಆರೈಕೆಯು ದೊರೆತರೆ ಅವು ಇನ್ನೂ ಬಹುಕಾಲ ಕೆಲಸಕ್ಕೆ ಬರತಕ್ಕವುಗಳೇ ಆಗಿವೆ. ಆದರೆ ವಯಸ್ಸಾದ ಗಾಡಿಗಳಲ್ಲಿ ಒಂದು ತೊಂದರೆಯು ಸಾಮಾನ್ಯವಾಗಿ ಕಂಡುಬರುವುದು. ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಗಾಡಿಯು, ಚಾಲಕನು ಎಕ್ಸಿಲೇಟರಿನಿಂದ ಕಾಲು ತೆಗೆದೊಡನೆ ನಡುಗಿ, ಒಂದೆರಡು ಸಲ ಕೆಮ್ಮಿದಂತೆ ಮಾಡಿ, ನಿಂತುಹೋಗುವುದು.

ಇದು ಕೇವಲ ಬೇಸರದ ಸಂಗತಿಯೆಂದು ತಿಳಿಯಕೂಡದು. ಮಾರುಕಟ್ಟೆಯ ಬಾಗಿಲಿನಲ್ಲಿ ನಿಂತರೆ ಸರಕು ಬಾಡುವುದು. ರೈಲ್ವೆ ಗೇಟಿನ ಹಳಿಗಳ ಮೇಲಾಗಲಿ, ಚಾರ್ಮಾಡಿ ಅಥವಾ ಆಗುಂಬೆಯಂತಹ ಘಟ್ಟದ ಇಳಿಜಾರಿನಲ್ಲಾಗಲಿ ನಿಂತರೆ ಪ್ರಾಣಕ್ಕೇ ಅಪಾಯವುಂಟು. ಇಷ್ಟಾದರೂ ಈ ರೋಗಕ್ಕೆ ಮಾಡಲ್ಪಡುವ ಚಿಕಿತ್ಸೆಯು ಬಹುಮಟ್ಟಿಗೆ ತಪ್ಪಾಗಿರುತ್ತದೆ. ಕೆಲವರು ವೇಗದ ಸ್ಕ್ರೂವನ್ನು ತಿರುಗಿಸಿ ರೋಗವನ್ನು ಮರೆಮಾಡುತ್ತಾರೆ. ಮತ್ತೆ ಕೆಲವರು ಅಲ್ಪ ಬೆಲೆಯ ವಾಷರಿನ ದೋಷಕ್ಕಾಗಿ ಸಾವಿರಾರು ರೂಪಾಯಿಗಳನ್ನು ವೆಚ್ಚಮಾಡಿ ಪಂಪನ್ನು ಬಿಚ್ಚಿಸುತ್ತಾರೆ. ಕಾರಣವನ್ನು ಕ್ರಮವಾಗಿ ಹುಡುಕಿದಲ್ಲಿ ಹೆಚ್ಚಿನ ಗಾಡಿಗಳು ಸ್ವಲ್ಪ ವೆಚ್ಚದಲ್ಲಿಯೇ ಸರಿಹೋಗುವುವು. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮುಂದೆ ಹೇಳುವುದೆಲ್ಲವೂ ಡೀಸೆಲ್ ಪಂಪು ಯಾಂತ್ರಿಕ ರೀತಿಯಲ್ಲಿ ನಡೆಯುವ ಹಳೆಯ ಗಾಡಿಗಳಿಗೆ ಮಾತ್ರ ಅನ್ವಯಿಸುವುದು. ಕಂಪ್ಯೂಟರಿನ ಹತೋಟಿಯಲ್ಲಿರುವ ಹೊಸ ಕಾಮನ್ ರೈಲ್ ಎಂಜಿನ್ನುಗಳ ಎಣ್ಣೆಯ ಕೊಳವೆಗಳನ್ನು ಮಾಲೀಕರು ಬಿಚ್ಚಲೇಕೂಡದು. ಹಳೆಯ ಟ್ರಾಕ್ಟರು ಮತ್ತು ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ ಎಣ್ಣೆಯ ವ್ಯವಸ್ಥೆಯು ಬಹುಮಟ್ಟಿಗೆ ಇದೇ ತೆರನಾಗಿರುವುದರಿಂದ, ಅವುಗಳನ್ನು ಉಳ್ಳವರಿಗೂ ಈ ವಿಷಯಗಳು ಉಪಯುಕ್ತವಾಗಬಹುದು.

೧. ಮಂದಗತಿಯಲ್ಲಿಯೇ ಏಕೆ ನಿಲ್ಲುವುದು?

ಗಾಡಿಯು ನಿಂತಿದ್ದು ಎಂಜಿನ್ನು ಮಾತ್ರ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುವ ಸ್ಥಿತಿಗೆ ಮಂದಗತಿಯೆಂದು ಹೆಸರು. ಚಾಲಕರು ಇದನ್ನು ಐಡ್ಲಿಂಗ್ ಎನ್ನುವರು. ನಾಲ್ಕು ಸಿಲಿಂಡರುಗಳ ಹಳೆಯ ಡೀಸೆಲ್ ಎಂಜಿನ್ನು ಈ ಸ್ಥಿತಿಯಲ್ಲಿ ಮಿನಿಟಿಗೆ ಸಾಮಾನ್ಯವಾಗಿ ೭೦೦ ರಿಂದ ೮೫೦ ಸುತ್ತು ತಿರುಗುವುದು.

ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಕಿಡಿ ಕೊಡುವ ಪ್ಲಗ್ಗು ಇರುವುದಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೭ ರಲ್ಲಿ ಪರೀಕ್ಷಿಸಿ ತೋರಿಸಿದ ತತ್ತ್ವವೇ ಇಂದಿಗೂ ಇದಕ್ಕೆ ಆಧಾರವಾಗಿದೆ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಹದಿನೇಳರಿಂದ ಇಪ್ಪತ್ತೆರಡು ಪಾಲಿನಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದಾಗ ಅದರ ಶಾಖವು ೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲೇರುವುದು. ಆ ಕಾದ ಗಾಳಿಗೆ ಡೀಸೆಲನ್ನು ಅತಿ ಸೂಕ್ಷ್ಮವಾದ ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುವುದು. ಆದುದರಿಂದ ಎಂಜಿನ್ನು ನಡೆಯಬೇಕಾದರೆ ಗಾಳಿಯು ಚೆನ್ನಾಗಿ ಅದುಮಲ್ಪಡಬೇಕು, ಎಣ್ಣೆಯು ಅಳತೆಯಂತೆ ಬರಬೇಕು, ಮತ್ತು ಅದು ಮಂಜಿನಂತೆ ಹರಡಬೇಕು.

ಮಂದಗತಿಯಲ್ಲಿ ಈ ಅಳತೆಯು ಎಷ್ಟು ಸ್ವಲ್ಪವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಿನಿಟಿಗೆ ೭೫೦ ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಗಂಟೆಗೆ ೯೦,೦೦೦ ಸಲ ಎಣ್ಣೆಯು ಸಿಂಪಡಿಸಲ್ಪಡುವುದು. ಅದು ಗಂಟೆಗೆ ಸುಮಾರು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆಯನ್ನು ಕುಡಿಯುವುದೆಂದು ಇಟ್ಟುಕೊಂಡರೆ, ಪ್ರತಿ ಸಲ ಬೀಳುವುದು ಒಂದು ಲೀಟರಿನ ಒಂದೂವರೆ ಲಕ್ಷ ಭಾಗಗಳಲ್ಲಿ ಒಂದು ಭಾಗ ಮಾತ್ರ. ಬೆರಳ ತುದಿಯಲ್ಲಿ ನಿಲ್ಲುವ ಒಂದು ಹನಿಯು ಹಲವು ಸಲದ ಸಿಂಪಡಣೆಗೆ ಸಾಲುವುದು. ಇಷ್ಟು ಅಲ್ಪವಾದ ಅಳತೆಯಲ್ಲಿ ಸಾಸಿವೆ ಕಾಳಿನಷ್ಟು ಗಾಳಿಯ ಗುಳ್ಳೆಯಾಗಲಿ, ನೀರಿನ ಬಿಂದುವಾಗಲಿ ಸೇರಿದರೂ ಎಂಜಿನ್ನು ತಡವರಿಸುವುದು. ವೇಗವಾಗಿ ಓಡುವಾಗ ಎಣ್ಣೆಯು ಹೆಚ್ಚಾಗಿ ಬರುವುದರಿಂದಲೂ, ಚಕ್ರಗಳ ಮತ್ತು ಯಂತ್ರದ ಓಟವೇ ಮುಂದಕ್ಕೆ ತಳ್ಳುವುದರಿಂದಲೂ ಅದೇ ದೋಷವು ಗೋಚರಕ್ಕೆ ಬಾರದು. ಬತ್ತಿಯನ್ನು ಚೆನ್ನಾಗಿ ಏರಿಸಿದ ದೀಪವು ಸಣ್ಣ ಗಾಳಿಗೆ ಅಲುಗಾಡಿ ಸುಮ್ಮನಾಗುವುದು; ಬತ್ತಿಯನ್ನು ಇಳಿಸಿದ ದೀಪವು ಅದೇ ಗಾಳಿಗೆ ಆರಿಹೋಗುವುದು. ಆದ್ದರಿಂದ ಮಂದಗತಿಯಲ್ಲಿ ನಿಲ್ಲುವುದು ಪ್ರತ್ಯೇಕ ರೋಗವಲ್ಲ. ಬೇರೆಲ್ಲಿಯೋ ಆರಂಭವಾಗಿರುವ ರೋಗದ ಮೊದಲನೆಯ ಲಕ್ಷಣವೆಂದು ತಿಳಿಯತಕ್ಕದ್ದು.

೨. ಎಣ್ಣೆಯು ಬರುವ ದಾರಿ

ದೋಷವನ್ನು ಹುಡುಕುವವರು ಮೊದಲು ಎಣ್ಣೆಯ ದಾರಿಯನ್ನು ಕಣ್ಣಾರೆ ನೋಡಿ ತಿಳಿದಿರಬೇಕು. ಟ್ಯಾಂಕಿನಿಂದ ಹೊರಟ ಡೀಸೆಲ್ ಗಾಡಿಯ ಅಡಿಯಲ್ಲಿ ಹಾದುಬರುವ ಕೊಳವೆಯ ಮೂಲಕ ಬಂದು, ನೀರನ್ನು ಬೇರ್ಪಡಿಸುವ ಬಟ್ಟಲನ್ನು ಸೇರುವುದು. ಅಲ್ಲಿಂದ ಎಣ್ಣೆಯನ್ನು ಎಳೆದುಕೊಳ್ಳುವ ಫೀಡ್ ಪಂಪಿಗೂ, ಅದರಿಂದ ಫಿಲ್ಟರಿಗೂ, ಆ ಮೇಲೆ ಮುಖ್ಯವಾದ ಡೀಸೆಲ್ ಪಂಪಿಗೂ ಹೋಗುವುದು. ಕೆಲವು ಗಾಡಿಗಳಲ್ಲಿ ಈ ಅನುಕ್ರಮವು ಸ್ವಲ್ಪ ಬೇರೆಯಾಗಿರಬಹುದು. ಡೀಸೆಲ್ ಪಂಪು ಎಣ್ಣೆಯನ್ನು ಅಳೆದು, ಗಡುಸಾದ ಉಕ್ಕಿನ ಕೊಳವೆಗಳ ಮೂಲಕ ಪ್ರತಿ ಸಿಲಿಂಡರಿನ ನಾಜಲ್‌ಗೆ ಒತ್ತುವುದು. ಹೆಚ್ಚಾಗಿ ಉಳಿದ ಎಣ್ಣೆಯು ಸಣ್ಣ ಕೊಳವೆಯಿಂದ ಟ್ಯಾಂಕಿಗೆ ಹಿಂದಿರುಗುವುದು.

ಈ ದಾರಿಯಲ್ಲಿ ಎರಡು ಭಾಗಗಳಿವೆಯೆಂಬುದನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಣ್ಣೆಯು ಎಳೆಯಲ್ಪಡುವುದು. ಅಲ್ಲಿಂದ ಮುಂದಕ್ಕೆ ಒತ್ತಲ್ಪಡುವುದು. ಒತ್ತುವ ಭಾಗದಲ್ಲಿ ಸೋರಿದರೆ ಎಣ್ಣೆಯು ಹೊರಕ್ಕೆ ತೊಟ್ಟಿಕ್ಕುವುದರಿಂದ ಕಣ್ಣಿಗೆ ಕಾಣುವುದು. ಎಳೆಯುವ ಭಾಗದಲ್ಲಿ ಬಿರುಕಿದ್ದರೆ ಎಂಜಿನ್ನು ನಡೆಯುವಾಗ ಎಣ್ಣೆಯು ಹೊರಕ್ಕೆ ಬಾರದೆ ಗಾಳಿಯು ಒಳಕ್ಕೆ ಹೋಗುವುದು. ಹೊರಗೆಲ್ಲ ಒಣಗಿದ್ದು ಶುಭ್ರವಾಗಿ ಕಾಣುವ ಕೊಳವೆಯೇ ಎಷ್ಟೋ ವೇಳೆ ಅಪರಾಧಿಯಾಗಿರುವುದು ಇದರಿಂದಲೇ.

೩. ಮೊದಲು ಕೇಳತಕ್ಕ ಪ್ರಶ್ನೆಗಳು

ಯಾವುದೇ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚೆ, ಗಾಡಿಯು ಯಾವಾಗ ನಿಲ್ಲುವುದೆಂಬುದನ್ನು ಚಾಲಕನಿಂದ ಸಮಾಧಾನವಾಗಿ ಕೇಳಿ ತಿಳಿಯಬೇಕು. ಹೀಗೆ ಕೇಳುವುದರಿಂದ ಅರ್ಧ ಕೆಲಸವು ತೀರುವುದು.

ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಮಾತ್ರ ನಿಂತು, ಕಾದ ಮೇಲೆ ಸರಿಯಾದರೆ, ರಾತ್ರಿಯಲ್ಲಿ ಕೊಳವೆಗೆ ಗಾಳಿ ಸೇರಿರುವುದನ್ನು, ಇಲ್ಲವೆ ಸಿಲಿಂಡರಿನ ಒತ್ತಡವು ಕುಗ್ಗಿರುವುದನ್ನು ಸಂಶಯಿಸಬೇಕು. ಇದಕ್ಕೆ ವಿರುದ್ಧವಾಗಿ ಕಾದ ಮೇಲೆ ಮಾತ್ರ ನಿಂತು, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಹೊರಟರೆ, ಡೀಸೆಲ್ ಪಂಪು ಸವೆದಿರುವ ಸಂಭವವು ಹೆಚ್ಚು. ಬಿಸಿಯಾದ ಎಣ್ಣೆಯು ತೆಳುವಾಗಿ, ಸವೆದ ಭಾಗಗಳ ಸಂದಿನಲ್ಲಿ ಹಿಂದಕ್ಕೆ ಜಾರಿಹೋಗುವುದೇ ಇದಕ್ಕೆ ಕಾರಣ. ಬ್ರೇಕು ಹಾಕಿದಾಗ ಅಥವಾ ಇಳಿಜಾರಿನಲ್ಲಿ ಮಾತ್ರ ನಿಂತರೆ, ಟ್ಯಾಂಕಿನಲ್ಲಿ ಎಣ್ಣೆಯು ಕಡಮೆಯಿದ್ದು ಒಂದು ಕಡೆಗೆ ಸರಿದು, ಎಳೆಯುವ ಕೊಳವೆಯ ಬಾಯಿಗೆ ಗಾಳಿ ಸಿಕ್ಕುತ್ತಿರಬಹುದು. ಏರಿನಲ್ಲಿಯೂ ಎಳೆತವು ಕುಂದಿದ್ದರೆ ಫಿಲ್ಟರು ಕಟ್ಟಿದೆಯೆಂದು ಊಹಿಸಬಹುದು. ಹಳ್ಳ ದಿಣ್ಣೆಗಳಲ್ಲಿ ಕುಲುಕಿದಾಗ ಥಟ್ಟನೆ ನಿಂತರೆ ವಿದ್ಯುತ್ತಿನ ತಂತಿಯು ಸಡಿಲವಾಗಿರುವ ಸಂಭವವುಂಟು. ಹಿಂದಿನ ದಿನ ಎಲ್ಲಿ ಎಣ್ಣೆ ಹಾಕಿಸಿತು, ಇತ್ತೀಚೆಗೆ ಯಾವ ಭಾಗವನ್ನು ಬಿಚ್ಚಿ ಜೋಡಿಸಿತು ಎಂಬುದನ್ನೂ ಕೇಳಲು ಮರೆಯಕೂಡದು.

೪. ಹಣ ಖರ್ಚಿಲ್ಲದೆ ನೋಡಬಹುದಾದವು

(ಅ) ಎಕ್ಸಿಲೇಟರಿನ ತಂತಿಯು ಮಣ್ಣು ತುಕ್ಕುಗಳಿಂದ ಬಿಗಿದುಕೊಂಡಿದೆಯೇ, ಕಾಲು ತೆಗೆದಾಗ ಪಂಪಿನ ಮೇಲಿನ ಕೈ ತನ್ನ ಸ್ಥಾನಕ್ಕೆ ಪ್ರತಿಸಲವೂ ಒಂದೇ ರೀತಿಯಲ್ಲಿ ಬಂದು ನಿಲ್ಲುವುದೇ ಎಂಬುದನ್ನು ನೋಡಬೇಕು.

(ಆ) ಹಳೆಯ ಗಾಡಿಗಳಲ್ಲಿ ಎಂಜಿನ್ನನ್ನು ನಿಲ್ಲಿಸಲು ಎಳೆಯುವ ಗುಬುಟು ಇರುವುದು. ಅದರ ತಂತಿಯು ಪೂರ್ತಿಯಾಗಿ ಹಿಂದಿರುಗದಿದ್ದರೆ ಎಣ್ಣೆಯು ಅರೆಬರೆಯಾಗಿ ಕಡಿಯಲ್ಪಟ್ಟು, ಓಡುವಾಗ ಗೊತ್ತಾಗದಿದ್ದರೂ ಮಂದಗತಿಯಲ್ಲಿ ಎಂಜಿನ್ನು ನಿಲ್ಲುವುದು. ಒಂದು ಹನಿ ಎಣ್ಣೆ ಬಿಟ್ಟು ತಂತಿಯನ್ನು ಸಡಿಲಗೊಳಿಸಿದರೆ ಸಾಕಾಗಬಹುದು.

(ಇ) ಗುಬುಟಿಗೆ ಬದಲಾಗಿ ಬೀಗದ ಕೈಯಿಂದಲೇ ನಿಲ್ಲುವ ಗಾಡಿಗಳಲ್ಲಿ ಪಂಪಿನ ಮೇಲೆ ವಿದ್ಯುತ್ತಿನಿಂದ ನಡೆಯುವ ಸಣ್ಣ ಕವಾಟವಿರುವುದುಂಟು. ಬೀಗದ ಕೈ ತಿರುಗಿಸಿದಾಗ ಅದು ಟಕ್ಕೆಂದು ಶಬ್ದಮಾಡಬೇಕು. ಅದರ ತಂತಿಯ ತುದಿಯು ಶುಭ್ರವಾಗಿಯೂ ಬಿಗಿಯಾಗಿಯೂ ಇರಬೇಕು.

(ಈ) ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಏರ್ಪಾಡು ಇರುತ್ತದೆ. ಅದು ಧೂಳಿನಿಂದ ಮುಚ್ಚಿಹೋದರೆ ಎಣ್ಣೆಯು ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಎಳೆತಕ್ಕೆ ಅಡ್ಡಿಯಾಗುವುದು. ಗಾಡಿ ನಿಂತೊಡನೆ ಮುಚ್ಚಳವನ್ನು ತೆಗೆದಾಗ ಬುಸ್ಸೆಂದು ಗಾಳಿಯು ಒಳಕ್ಕೆ ನುಗ್ಗಿದರೆ ಇದೇ ಕಾರಣವೆಂದು ತಿಳಿಯಬಹುದು.

(ಉ) ಗಾಳಿಯ ಫಿಲ್ಟರನ್ನು ಬಿಚ್ಚಿ ನೋಡಬೇಕು. ಒಕ್ಕಣೆಯ ಕಾಲದಲ್ಲಿ ಹೊಟ್ಟು ಧೂಳುಗಳು ತುಂಬಿ ಎಂಜಿನ್ನಿಗೆ ಉಸಿರು ಕಟ್ಟುವುದುಂಟು. ಇಂತಹ ಗಾಡಿಯು ಕಪ್ಪು ಹೊಗೆಯನ್ನು ಉಗುಳುವುದು.

೫. ನೀರು ಮತ್ತು ಕಲ್ಮಷ

ನೀರು ಡೀಸೆಲಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುವುದು. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ತೇವದ ಗಾಳಿಯು ರಾತ್ರಿಯ ತಂಪಿಗೆ ಹನಿಗಟ್ಟಿ ನೀರಾಗುವುದು. ಮಳೆಗಾಲದಲ್ಲಿ ಹೊರಗಿಟ್ಟ ಪೀಪಾಯಿಯ ಮುಚ್ಚಳದ ಸುತ್ತ ನಿಂತ ನೀರು ಒಳಕ್ಕೆ ಇಳಿಯುವುದು. ನೀರೂ ಡೀಸೆಲೂ ಕೂಡುವ ಸ್ಥಳದಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಕರಿಯ ಲೋಳೆಯಾಗಿ ಫಿಲ್ಟರನ್ನು ಮುಚ್ಚುವುದೂ ಉಂಟು.

ಪರೀಕ್ಷೆಯು ಬಹು ಸುಲಭ. ಗಾಡಿಯನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ, ಬೆಳಗ್ಗೆ ಎಂಜಿನ್ನನ್ನು ಪ್ರಾರಂಭಿಸುವುದಕ್ಕೆ ಮುಂಚೆ, ನೀರು ಬೇರ್ಪಡಿಸುವ ಬಟ್ಟಲಿನ ಅಡಿಯ ತಿರುಪನ್ನು ಸಡಿಲಿಸಿ ಒಂದು ಗಾಜಿನ ಸೀಸೆಗೆ ಸ್ವಲ್ಪ ಎಣ್ಣೆಯನ್ನು ಹಿಡಿಯಬೇಕು. ಕಾಲು ಗಂಟೆಯಲ್ಲಿ ನೀರು ಅಡಿಗೆ ಇಳಿದು ಗೆರೆ ಎಳೆದಂತೆ ಬೇರೆಯಾಗಿ ಕಾಣುವುದು. ನೀರಾಗಲಿ ಕಸವಾಗಲಿ ಕಂಡುಬಂದರೆ ಶುದ್ಧವಾದ ಎಣ್ಣೆ ಬರುವವರೆಗೆ ಸೋರಿಸಬೇಕು. ಹೆಚ್ಚು ನೀರಿದ್ದರೆ ಟ್ಯಾಂಕನ್ನೇ ಇಳಿಸಿ ತೊಳೆಸುವುದು ಲೇಸು. ಸೋರಿಸಿದ ಎಣ್ಣೆಯನ್ನು ಬಾವಿ ಕಾಲುವೆಗಳ ಬಳಿ ಚೆಲ್ಲಕೂಡದು.

ಡೀಸೆಲ್ ಪಂಪಿನ ಒಳಗೆ ತೊಡಿಸಿರುವ ಭಾಗಗಳ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗದಷ್ಟು ಮಾತ್ರ. ಆ ಭಾಗಗಳಿಗೆ ಜಿಡ್ಡು ಒದಗುವುದೂ ಡೀಸೆಲಿನಿಂದಲೇ. ನೀರು ಸೇರಿದರೆ ಅವು ತುಕ್ಕುಹಿಡಿಯುವುವು. ಸೀಮೆಎಣ್ಣೆಯನ್ನು ಬೆರಸಿದರೆ ಜಿಡ್ಡು ಸಾಲದೆ ಸವೆಯುವುವು. ಬೆಲೆ ಕಡಮೆಯೆಂದು ಬೆರಕೆಯ ಎಣ್ಣೆಯನ್ನು ಹಾಕುವವನು ಎಣ್ಣೆಯಲ್ಲಿ ಉಳಿಸಿದುದರ ಎಷ್ಟೋ ಪಾಲನ್ನು ಪಂಪಿಗೆ ತೆರಬೇಕಾಗುವುದು.

೬. ಗಾಳಿಯ ಪ್ರವೇಶ

ಹಳೆಯ ಗಾಡಿಯು ಮಂದಗತಿಯಲ್ಲಿ ನಿಲ್ಲುವುದಕ್ಕೆ ಎಣ್ಣೆಯ ದಾರಿಯಲ್ಲಿ ಗಾಳಿ ಸೇರುವುದು ಬಹು ಸಾಮಾನ್ಯವಾದ ಕಾರಣ. ಬಿರುಕು ಬಿಟ್ಟ ರಬ್ಬರ್ ಕೊಳವೆ, ಸಡಿಲವಾದ ಕ್ಲಿಪ್ಪು, ಒಂದು ಸಲ ಬಿಗಿದು ಮತ್ತೆ ಉಪಯೋಗಿಸಿದ ತಾಮ್ರದ ವಾಷರು, ಫಿಲ್ಟರಿನ ಮುಚ್ಚಳದ ರಬ್ಬರ್ ಬಳೆ, ಕೈಯಿಂದ ಒತ್ತುವ ಪ್ರೈಮರಿನ ಸೀಲು, ಇವು ಗಾಳಿಯು ನುಗ್ಗುವ ಸ್ಥಳಗಳು.

ಈ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ೨೦೨೦ರ ಏಪ್ರಿಲ್ ೧ ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದಂತೆ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷ ಭಾಗಕ್ಕೆ ೧೦ ಭಾಗವನ್ನು ಮೀರಕೂಡದು. ಇದಕ್ಕೆ ಹಿಂದಿನ ಸ್ಟೇಜ್ ೪ ರಲ್ಲಿ ಈ ಮಿತಿಯು ೫೦ ಭಾಗವಾಗಿತ್ತು. ಇದು ಜನರ ಆರೋಗ್ಯಕ್ಕೆ ಒಳ್ಳೆಯದು. ಆದರೆ ಗಂಧಕವನ್ನು ತೆಗೆಯುವ ಸಂಸ್ಕರಣದಲ್ಲಿ ಎಣ್ಣೆಯ ಇತರ ಅಂಶಗಳೂ ಬದಲಾಗುವುದರಿಂದ, ಹಿಂದಿನ ಎಣ್ಣೆಯಲ್ಲಿ ವರ್ಷಗಟ್ಟಲೆ ನೆನೆದು ಉಬ್ಬಿ ಗಡುಸಾಗಿದ್ದ ಹಳೆಯ ರಬ್ಬರ್ ಸೀಲುಗಳು ಕುಗ್ಗಿ ಸಂದು ಬಿಡುವುದುಂಟು. ಇಂತಹವನ್ನು ತೆಗೆದು ಹೊಸದನ್ನು ಹಾಕುವುದೇ ಪರಿಹಾರ.

ಗಾಳಿಯನ್ನು ಕಂಡುಹಿಡಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದು: ಫೀಡ್ ಪಂಪಿಗೆ ಬರುವ ಕೊಳವೆಯಲ್ಲಿ ಒಂದು ಗೇಣು ಉದ್ದದ, ಡೀಸೆಲಿಗೆ ತಡೆಯುವ ಪಾರದರ್ಶಕ ಕೊಳವೆಯನ್ನು ತಾತ್ಕಾಲಿಕವಾಗಿ ಸೇರಿಸಿ ಎಂಜಿನ್ನನ್ನು ನಡೆಸಬೇಕು. ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ, ದೋಷವು ಅಲ್ಲಿಂದ ಟ್ಯಾಂಕಿನ ಕಡೆಗಿದೆ.

ಎರಡನೆಯದು ಇನ್ನೂ ನಿಶ್ಚಿತವಾದುದು. ನಾಲ್ಕೈದು ಲೀಟರಿನ ಚೊಕ್ಕಟವಾದ ಡಬ್ಬಿಯಲ್ಲಿ ಸೋಸಿದ ಡೀಸೆಲನ್ನು ತುಂಬಿ, ಅದನ್ನು ಎಂಜಿನ್ನಿನ ಬಿಸಿ ಭಾಗಗಳಿಂದ ದೂರವಾಗಿ, ಫೀಡ್ ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿರಿಸಿ, ಟ್ಯಾಂಕಿನ ಕೊಳವೆಗೆ ಬದಲಾಗಿ ಈ ಡಬ್ಬಿಯ ಕೊಳವೆಯನ್ನು ಪಂಪಿಗೆ ಜೋಡಿಸಬೇಕು. ಗಾಡಿಯನ್ನು ಚಲಿಸಗೊಡದೆ, ಡಬ್ಬಿಯ ಎಣ್ಣೆಯು ತೀರದಂತೆ ನೋಡಿಕೊಂಡು, ಇಪ್ಪತ್ತು ಮಿನಿಟು ಮಂದಗತಿಯಲ್ಲಿ ಬಿಡಬೇಕು. ಎಂಜಿನ್ನು ನಿಲ್ಲದೆ ನಡೆದರೆ ಪಂಪೂ ನಾಜಲ್ಲುಗಳೂ ನಿರ್ದೋಷಿಗಳು. ಟ್ಯಾಂಕು ಮತ್ತು ಕೊಳವೆಗಳನ್ನೇ ಸರಿಪಡಿಸಬೇಕು. ಆಗಲೂ ನಿಂತರೆ ದೋಷವು ಪಂಪಿನ ಕಡೆಗಿದೆ. ಪಂಪಿಗೆ ಹಣ ತೆರುವುದಕ್ಕೆ ಮುಂಚೆ ಈ ಪರೀಕ್ಷೆಯನ್ನು ಮಾಡಿಸುವುದು ಪ್ರತಿಯೊಬ್ಬ ಮಾಲೀಕರಿಗೂ ಕ್ಷೇಮಕರ.

ಕೊಳವೆಯನ್ನು ಬಿಚ್ಚಿ ಜೋಡಿಸಿದ ಮೇಲೆ ಒಳಗಿನ ಗಾಳಿಯನ್ನು ತೆಗೆಯಲೇಬೇಕು. ಮೊದಲು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಪ್ರೈಮರನ್ನು ಕೈಯಿಂದ ಒತ್ತುತ್ತ, ನೊರೆಯು ಹೋಗಿ ಶುದ್ಧವಾದ ಎಣ್ಣೆಯು ಬಂದಾಗ ಬಿಗಿಯಬೇಕು. ಆ ಮೇಲೆ ಡೀಸೆಲ್ ಪಂಪಿನ ಮೇಲಿನ ತಿರುಪಿನಲ್ಲಿಯೂ ಹೀಗೆಯೇ ಮಾಡಬೇಕು. ಚೆಲ್ಲಿದ ಎಣ್ಣೆಯನ್ನು ಒರಸದೆ ಎಂಜಿನ್ನನ್ನು ಪ್ರಾರಂಭಿಸಕೂಡದು. ಬೀಡಿ ಬೆಂಕಿಗಳು ಹತ್ತಿರ ಸುಳಿಯಕೂಡದು.

೭. ಹೊಗೆಯ ಬಣ್ಣ, ನಾಜಲ್ಲು ಮತ್ತು ಪಂಪು

ಮೇಲ್ಕಂಡವೆಲ್ಲವೂ ಸರಿಯಾಗಿದ್ದೂ ಎಂಜಿನ್ನು ನಿಲ್ಲುತ್ತಿದ್ದರೆ ಹೊಗೆಯನ್ನು ನೋಡಬೇಕು. ಕಪ್ಪು ಹೊಗೆಯು ಎಣ್ಣೆಯು ಹೆಚ್ಚಾಗಿರುವುದನ್ನು ಅಥವಾ ಗಾಳಿಯು ಸಾಲದಿರುವುದನ್ನು ಸೂಚಿಸುವುದು. ಡೀಸೆಲಿನ ವಾಸನೆಯುಳ್ಳ ಬಿಳಿಯ ಹೊಗೆಯಾದರೆ ಎಣ್ಣೆಯು ಉರಿಯದೆ ಹೊರಬೀಳುತ್ತಿದೆ. ನೀಲಿಯ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು.

ನಾಜಲ್ಲಿನ ರಂಧ್ರದಲ್ಲಿ ಮಸಿ ಕಟ್ಟಿದರೆ ಎಣ್ಣೆಯು ಮಂಜಿನಂತೆ ಹರಡದೆ ಹನಿಯಾಗಿ ಬೀಳುವುದು. ಆಗ ಒಂದು ಸಿಲಿಂಡರು ಸರಿಯಾಗಿ ಹೊತ್ತದೆ ಎಂಜಿನ್ನು ಲಯತಪ್ಪಿ ನಡುಗುವುದು. ನಾಜಲ್ಲುಗಳು ಚದರ ಸೆಂಟಿಮೀಟರಿಗೆ ಸುಮಾರು ೧೨೦ ರಿಂದ ೨೫೦ ಕಿಲೋಗ್ರಾಂ ಒತ್ತಡದಲ್ಲಿ ತೆರೆಯುವುವು. ಪರೀಕ್ಷಿಸುವ ಯಂತ್ರವುಳ್ಳ ಡೀಸೆಲ್ ಕಾರ್ಖಾನೆಯಲ್ಲಿಯೇ ಅವನ್ನು ತೋರಿಸಬೇಕು. ಎಂಜಿನ್ನು ನಡೆಯುತ್ತಿರುವಾಗ ನಾಜಲ್ಲಿನ ಕೊಳವೆಗೆ ಕೈಯೊಡ್ಡುವುದು ಬಹು ಅಪಾಯಕರ. ಈ ಒತ್ತಡದಲ್ಲಿ ಚಿಮ್ಮುವ ಎಣ್ಣೆಯು ಚರ್ಮವನ್ನು ಸೂಜಿಯಂತೆ ತೂರಿ ಒಳಹೊಗುವುದು. ಗಾಯವು ಚುಕ್ಕೆಯಷ್ಟೇ ಕಂಡು ನೋವಿಲ್ಲದಿದ್ದರೂ, ತತ್‌ಕ್ಷಣ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಹೊಕ್ಕಿದೆಯೆಂದು ಹೇಳಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಕವಾಟಗಳ ಟ್ಯಾಪೆಟ್ ಸಂದು ಅಳತೆಗಿಂತ ಕಡಮೆಯಾಗಿ ಕವಾಟವು ಪೂರ್ತಿ ಮುಚ್ಚದಿದ್ದರೂ, ಪಿಸ್ಟನ್ ಬಳೆಗಳು ಸವೆದಿದ್ದರೂ ಗಾಳಿಯು ಚೆನ್ನಾಗಿ ಅದುಮಲ್ಪಡದು. ನಿಧಾನವಾಗಿ ತಿರುಗುವಾಗ ಅದುಮಿದ ಗಾಳಿಯು ಸೋರಿಹೋಗಲು ಹೆಚ್ಚು ಕಾಲ ಸಿಕ್ಕುವುದರಿಂದ ಈ ದೋಷವೂ ಮಂದಗತಿಯಲ್ಲಿಯೇ ಮೊದಲು ಹೊರಬೀಳುವುದು. ಟ್ಯಾಪೆಟ್ ಸರಿಪಡಿಸುವುದು ಸ್ವಲ್ಪ ಹೊತ್ತಿನ ಕೆಲಸ. ಪಂಪಿಗೆ ಕೈ ಹಾಕುವುದಕ್ಕೆ ಮುಂಚೆ ಅದನ್ನು ಮಾಡಿಸತಕ್ಕದ್ದು. ಡೀಸೆಲ್ ಪಂಪಿನ ರಿಪೇರಿಯು ಯಾವಾಗಲೂ ಕಡೆಯ ಉಪಾಯವಾಗಿರಬೇಕು.

೮. ಸ್ಕ್ರೂ ತಿರುಗಿಸುವ ವಾಡಿಕೆ

ಮಂದಗತಿಯ ವೇಗವನ್ನು ಹೆಚ್ಚಿಸುವ ಸ್ಕ್ರೂವನ್ನು ತಿರುಗಿಸಿದೊಡನೆ ಎಂಜಿನ್ನು ನಿಲ್ಲದಿರುವುದರಿಂದ ಅನೇಕರು ಅಲ್ಲಿಗೇ ತೃಪ್ತಿಪಡುತ್ತಾರೆ. ಆದರೆ ಒಳಗಿನ ದೋಷವು ಬೆಳೆಯುತ್ತಲೇ ಇರುವುದು. ಕೆಲವು ವಾರಗಳಲ್ಲಿ ಮತ್ತೆ ನಿಲ್ಲುವುದು, ಮತ್ತೆ ತಿರುಗಿಸಬೇಕಾಗುವುದು. ಎಣ್ಣೆಯ ವೆಚ್ಚವು ಹೆಚ್ಚುವುದು, ಗೇರು ಹಾಕುವಾಗ ಹಲ್ಲುಗಳು ಕೆರೆಯುವುವು, ನಿಧಾನವಾಗಿ ಹೋಗಬೇಕಾದೆಡೆ ಗಾಡಿಯು ಮುನ್ನುಗ್ಗುವುದು. ಆದುದರಿಂದ ದೋಷವನ್ನು ತೆಗೆದ ಮೇಲೆ, ಎಂಜಿನ್ನು ಚೆನ್ನಾಗಿ ಕಾದಿರುವಾಗ, ಗಾಡಿಯನ್ನು ತಯಾರಿಸಿದವರ ಪುಸ್ತಕದಲ್ಲಿ ಹೇಳಿರುವ ವೇಗಕ್ಕೆ ಮಾತ್ರ ಈ ಸ್ಕ್ರೂವನ್ನು ಹೊಂದಿಸಬೇಕು. ಪಂಪಿನ ಮೇಲೆ ಸೀಸದ ಮುದ್ರೆ ಹಾಕಿರುವ ಇತರ ಸ್ಕ್ರೂಗಳನ್ನು ಎಂದಿಗೂ ಮುಟ್ಟಕೂಡದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

೯. ದಾರಿಯಲ್ಲಿ ನಿಂತಾಗ

ಗಾಡಿಯ ಬ್ರೇಕಿಗೆ ಬಲಕೊಡುವ ಬೂಸ್ಟರು ಎಂಜಿನ್ನಿನಿಂದ ನಡೆಯುವ ಪಂಪಿನ ಆಶ್ರಯದಲ್ಲಿದೆ. ಎಂಜಿನ್ನು ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಬಲವು ಮಾತ್ರ ಅದರಲ್ಲಿ ಉಳಿದಿದ್ದು, ಅನಂತರ ಪೆಡಲು ಕಲ್ಲಿನಂತೆ ಗಟ್ಟಿಯಾಗುವುದು. ಬ್ರೇಕು ಪೂರ್ತಿಯಾಗಿ ಕೆಡುವುದಿಲ್ಲ. ಆದರೆ ಕಾಲಿನ ಬಲವನ್ನೆಲ್ಲ ಹಾಕಬೇಕಾಗುವುದು. ಆದುದರಿಂದ ಚಾಲಕನು ಪೆಡಲನ್ನು ಪದೇ ಪದೇ ತುಳಿಯದೆ, ಒಂದೇ ಸಲ ಬಲವಾಗಿ ಒತ್ತಿ ಹಿಡಿದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಡಬೇಕು. ಗಾಡಿಯು ಚಲಿಸುತ್ತಿರುವಾಗ ಬೀಗದ ಕೈಯನ್ನು ಹೊರಕ್ಕೆ ತೆಗೆಯಕೂಡದು. ತೆಗೆದರೆ ಸ್ಟೇರಿಂಗಿಗೆ ಬೀಗ ಬೀಳಬಹುದು. ಘಟ್ಟದ ಇಳಿಜಾರಿನಲ್ಲಿ ಎಣ್ಣೆ ಉಳಿಸುವುದಕ್ಕಾಗಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡುವ ದುರಭ್ಯಾಸವು ಈ ರೋಗವುಳ್ಳ ಗಾಡಿಗೆ ಪ್ರಾಣಾಂತಿಕವಾದುದು. ಗೇರಿನಲ್ಲಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವುವು, ನ್ಯೂಟ್ರಲ್‌ನಲ್ಲಿ ಅದು ಮಂದಗತಿಗೆ ಇಳಿದು ನಿಂತುಹೋಗುವುದು.

ರೈಲ್ವೆ ಹಳಿಗಳ ಮೇಲೆ ನಿಂತಲ್ಲಿ ಮೊದಲು ಗಾಡಿಯಲ್ಲಿರುವವರೆಲ್ಲರನ್ನೂ ಇಳಿಸಿ ದೂರ ಕಳುಹಿಸಿ, ಗೇಟಿನವನಿಗೆ ತಿಳಿಸಬೇಕು. ರೈಲು ಬರುವ ಸೂಚನೆಯಿಲ್ಲದಿದ್ದರೆ ಮಾತ್ರ, ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ಒತ್ತದೆ ಸ್ಟಾರ್ಟರನ್ನು ತಿರುಗಿಸಿದರೆ ಬ್ಯಾಟರಿಯ ಬಲದಿಂದಲೇ ಗಾಡಿಯು ಕೆಲವು ಗಜ ಮುಂದಕ್ಕೆ ಸರಿಯಬಹುದು. ಸರಕಿಗಾಗಿ ಯಾರೂ ಹಳಿಗಳ ಮೇಲೆ ಉಳಿಯಕೂಡದು.

೧೦. ಮುಂಜಾಗ್ರತೆ

ರೋಗ ಬಂದ ಮೇಲೆ ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲು. ಸಂಜೆ ಕೆಲಸವು ಮುಗಿದ ಮೇಲೆ ಟ್ಯಾಂಕನ್ನು ತುಂಬಿಸಿಡುವುದರಿಂದ ನೀರು ಹನಿಗಟ್ಟುವುದು ಕಡಮೆಯಾಗುವುದು. ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ನೀರಿನ ಬಟ್ಟಲನ್ನು ಸೋರಿಸಬೇಕು. ಡೀಸೆಲ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿರುವ ಅವಧಿಗೆ ಬದಲಾಯಿಸಬೇಕು. ಹಳೆಯದನ್ನು ತೊಳೆದು ಮತ್ತೆ ಹಾಕುವುದು ಸರಿಯಲ್ಲ. ಪೀಪಾಯಿಯಲ್ಲಿ ಸಂಗ್ರಹಿಸಬೇಕಾದಲ್ಲಿ ಕಾನೂನಿನ ಮಿತಿಯೊಳಗೆ, ನೆರಳಿನಲ್ಲಿ, ಮಳೆ ತಾಗದಂತೆ ಇಟ್ಟು, ಒಂದು ದಿನ ತಿಳಿಯಾಗಲು ಬಿಟ್ಟು, ತಳದ ಎಣ್ಣೆಯನ್ನು ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಬೇಕು. ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟು ಎಣ್ಣೆ ಹಾಕಿಸಿದ ತಾರೀಖು, ಸ್ಥಳ, ಫಿಲ್ಟರು ಬದಲಾಯಿಸಿದ ದಿನ, ಗಾಡಿಯು ನಿಂತ ಸಂದರ್ಭ, ಇವನ್ನು ಬರೆದಿಡುವುದು ಮೆಕ್ಯಾನಿಕನಿಗೆ ಬಹಳ ಸಹಾಯಕವಾಗುವುದು.

ಗ್ರಾಮದ ಮುಖ್ಯಸ್ಥರು ಒಂದು ಪರೀಕ್ಷೆಯ ಡಬ್ಬಿ, ಒಂದು ತುಂಡು ಪಾರದರ್ಶಕ ಕೊಳವೆ, ಬೇರೆ ಬೇರೆ ಅಳತೆಯ ಕೆಲವು ತಾಮ್ರದ ವಾಷರು ಮತ್ತು ಕ್ಲಿಪ್ಪುಗಳನ್ನು ಊರಿನಲ್ಲಿ ಇಡಿಸಿ, ಒಬ್ಬಿಬ್ಬರು ತರುಣರಿಗೆ ಈ ಕ್ರಮವನ್ನು ಕಲಿಸಿದಲ್ಲಿ, ಊರಿನ ಗಾಡಿ, ಟ್ರಾಕ್ಟರು, ಪಂಪ್‌ಸೆಟ್ಟುಗಳಿಗೆಲ್ಲ ಅದರಿಂದ ಪ್ರಯೋಜನವುಂಟಾಗುವುದು. ತಂತಿ, ಮುಚ್ಚಳ, ನೀರು, ಗಾಳಿ, ಫಿಲ್ಟರು, ಟ್ಯಾಪೆಟ್ಟು, ನಾಜಲ್ಲು, ಕಡೆಗೆ ಪಂಪು, ಇದೇ ಹುಡುಕತಕ್ಕ ಅನುಕ್ರಮ. ಇದನ್ನು ಮೀರದೆ ನಡೆಯುವವರ ಹಣವೂ ಉಳಿಯುವುದು, ಸರಕು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಯನ್ನು ಸೇರುವುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗಾಡಿಯನ್ನು ನಂಬಿ ಹೊರಟವರು ಕ್ಷೇಮವಾಗಿ ಮನೆಗೆ ಹಿಂದಿರುಗುವರು.